ಬಣ್ಣದ ಕಾರ್ಡ್ ಬಿಚ್ಚುವ ಮುನ್ನ ಪಡುವಣ ಗೋಡೆ ನೋಡಿ

ದೀಪಾವಳಿ ಮುಗಿದು ಮಳೆ ಪೂರ್ತಿ ಹಿಂದಾದ ಮೇಲೆ ಸುಣ್ಣ-ಬಣ್ಣದ ಪ್ರಶ್ನೆಗಳು ಬರತೊಡಗುತ್ತವೆ. ಈ ಸಲ ಮಲೆನಾಡಿನ ಓದುಗರು ಕೇಳಿದ ಐದನ್ನು ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಹೊರಗೋಡೆಗೆ ಬಿಳಿ ಬಳಿಸಿ ಎರಡು ಮಳೆಗಾಲ ಆಗಿದೆ. ಪಶ್ಚಿಮದ ಗೋಡೆ ಪೂರ್ತಿ ಕಪ್ಪಾಗಿದೆ, ಕಿಟಕಿಯ ಕೆಳಗೆ ಉದ್ದುದ್ದ ಗೆರೆ ಇಳಿದಿವೆ. ಪಾಚಿ ಕಾಣದ ಹಾಗೆ ಯಾವ ಬಣ್ಣ ಹಾಕಬೇಕು? (ತೀರ್ಥಹಳ್ಳಿ ತಾಲ್ಲೂಕಿನಿಂದ)

ಉತ್ತರ: ಪಾಚಿಯನ್ನು ಮುಚ್ಚಿಡುವ ಬಣ್ಣ ಯಾವುದೂ ಇಲ್ಲ. ಹಸಿರು ಬಳಿದರೆ ಹೊಂದಿಕೊಳ್ಳುತ್ತದೆ ಎಂದು ಹಲವರು ಅಂದುಕೊಳ್ಳುತ್ತಾರೆ. ಆದರೆ ಪಾಚಿ ಹಸಿರಾಗಿರುವುದು ಒದ್ದೆ ಇದ್ದಾಗ ಮಾತ್ರ, ಒಣಗಿದರೆ ಕಪ್ಪೇ. ಮೊದಲು ಅದನ್ನು ಕೊಲ್ಲಬೇಕು, ಆಮೇಲೆ ಅದಕ್ಕೆ ನೀರು ಸಿಗದಂತೆ ಮಾಡಬೇಕು. ಬಣ್ಣದ ಮಾತು ಮೂರನೆಯದು.

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಮೀರಿ ಮಳೆ. ಅದು ಬರುವುದು ನೈಋತ್ಯದ ಗಾಳಿಯ ಜೊತೆ, ಅಡ್ಡಡ್ಡಲಾಗಿ. ಒಂದೇ ಮನೆಯ ಪೂರ್ವದ ಗೋಡೆ ಐದು ವರ್ಷ ಚೆನ್ನಾಗಿದ್ದು ಪಶ್ಚಿಮದ್ದು ಎರಡೇ ವರ್ಷಕ್ಕೆ ಕೆಡುವುದು ಇದಕ್ಕೇ. ಪಕ್ಕದಲ್ಲಿ ಅಡಿಕೆ ತೋಟದ ನೆರಳಿದ್ದರೆ ಮಳೆ ನಿಂತ ಮೇಲೂ ಗೋಡೆ ಬೇಗ ಆರುವುದಿಲ್ಲ.

10 ಲೀಟರ್ ನೀರಿಗೆ ಅರ್ಧ ಕೆ.ಜಿ. ಬ್ಲೀಚಿಂಗ್ ಪೌಡರ್ ಕಲಸಿ, ಗಸಿ ಇಳಿದ ಮೇಲೆ ಮೇಲಿನ ತಿಳಿಯನ್ನು ಬ್ರಷ್‌ನಲ್ಲಿ ಗೋಡೆಗೆ ಹಚ್ಚಿ. 20 ನಿಮಿಷ ಬಿಟ್ಟು ಗಟ್ಟಿ ಬ್ರಷ್‌ನಿಂದ ತಿಕ್ಕಿ ತೊಳೆಯಿರಿ. ಕಪ್ಪು ಉಳಿದ ಕಡೆ ಮರುದಿನ ಇನ್ನೊಮ್ಮೆ ಹಚ್ಚಿ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ. ಗೋಡೆ ಬುಡದ ಗಿಡಗಳಿಗೆ ಪ್ಲಾಸ್ಟಿಕ್ ಹೊದಿಸಿ. ಬ್ಲೀಚಿಂಗ್ ತಿಳಿಗೆ ಆಸಿಡ್ಡಾಗಲಿ ಟಾಯ್ಲೆಟ್ ಕ್ಲೀನರ್ ಆಗಲಿ ಖಂಡಿತ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ. ಬರೀ ಕೆರೆದು ಮೇಲೆ ಬಣ್ಣ ಹೊಡೆದರೆ ಒಳಗೆ ಜೀವ ಉಳಿದ ಪಾಚಿ ಮುಂದಿನ ಆಷಾಢದೊಳಗೆ ಹೊಸ ಬಣ್ಣವನ್ನು ಸೀಳಿ ಬರುತ್ತದೆ.

ಇನ್ನು ಕಿಟಕಿಯ ಕೆಳಗಿನ ಗೆರೆ. ಹತ್ತಿರ ನಿಂತು ನೋಡಿ: ಗೆರೆ ಶುರುವಾಗುವುದು ಹೆಚ್ಚಾಗಿ ಕಿಟಕಿ ದಂಡೆಯ ಎರಡು ತುದಿಯಲ್ಲಿ. ದಂಡೆಯ ಮೇಲಿನ ಧೂಳನ್ನು ಹೊತ್ತ ನೀರು ಅಲ್ಲಿಂದ ಗೋಡೆಗೇ ಅಂಟಿಕೊಂಡು ಇಳಿಯುತ್ತಿದೆ. ದಂಡೆ ಗೋಡೆಯಿಂದ ಒಂದೂವರೆ ಇಂಚಾದರೂ ಮುಂದೆ ಬಂದಿರಬೇಕು, ಅದರ ತಳದಲ್ಲಿ ಉದ್ದಕ್ಕೂ ಅರ್ಧ ಇಂಚಿನ ತೋಡು ಇರಬೇಕು. ನೀರು ಆ ತೋಡು ದಾಟಲಾರದೆ ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಚಜ್ಜಾದ ತಳಕ್ಕೂ ಇದೇ ಮಾತು. ಒಬ್ಬ ಗಾರೆಯವರ ಒಂದೆರಡು ದಿನದ ಕೆಲಸ. ಇದನ್ನು ಬಿಟ್ಟು ಎಷ್ಟೇ ದುಬಾರಿ ಬಣ್ಣ ಹಾಕಿದರೂ ಗೆರೆ ಮರಳಿ ಬರುತ್ತದೆ.

ಈಗ ಬಣ್ಣ. ಅಚ್ಚ ಬಿಳಿಯಲ್ಲಿ ಕೊಳೆ ಕಾಣುತ್ತದೆ, ಗಾಢ ಬಣ್ಣದಲ್ಲಿ ಗೋಡೆಯಿಂದ ಏಳುವ ಬಿಳಿ ಉಪ್ಪು ಕಾಣುತ್ತದೆ. ನಡುವಿನ ಮಣ್ಣಿನ ಬಣ್ಣಗಳೇ ನಮ್ಮ ಕಡೆಗೆ ಒಗ್ಗುವುದು: ಒಣಹುಲ್ಲಿನ ಹಳದಿ, ಮಾಸಲು ಕಾವಿ, ಹಳದಿ ಬೆರೆತ ಬೂದು. ಇವುಗಳ ಬಣ್ಣ ಬರುವುದು ಹೆಚ್ಚಾಗಿ ಕಬ್ಬಿಣದ ಆಕ್ಸೈಡ್‌ನಿಂದ, ಬಿಸಿಲಿಗೆ ಅದು ಸುಲಭಕ್ಕೆ ಮಾಸುವುದಿಲ್ಲ. ನೇರಳೆ, ಗುಲಾಬಿ, ನಿಂಬೆ ಹಳದಿಯಂಥ ಝಗಮಗ ಬಣ್ಣ ಮೊದಲು ಕಳೆಗುಂದುವುದು ದಕ್ಷಿಣ, ಪಶ್ಚಿಮದ ಗೋಡೆಗಳಲ್ಲೇ. ಅವು ಬೇಕೇಬೇಕೆಂದರೆ ಜಗಲಿಯ ಒಳಗೋಡೆಗೆ ಹಾಕಿ.

ಬುಡದ ಎರಡಡಿಗೆ ಕೆಮ್ಮಣ್ಣಿನ ಬಣ್ಣದ ಪಟ್ಟಿ ಬಿಡಿ. ಹೆಂಚಿನ ಸೂರಿನ ನೀರು ಅಂಗಳಕ್ಕೆ ಬಿದ್ದು ಕೆಂಪು ಮಣ್ಣು ಸಿಡಿಯುವುದು ಅಷ್ಟೆತ್ತರಕ್ಕೆ. ಹಳೇ ಮನೆಗಳ ಗೋಡೆ ಬುಡದಲ್ಲಿ ಕೆಂಪು ಪಟ್ಟಿ ಬಿಡುತ್ತಿದ್ದುದು ಅಂದಕ್ಕಷ್ಟೇ ಅಲ್ಲ.

ಹೊರಗಿನ ಕೆಲಸಕ್ಕೆ ಡಿಸೆಂಬರ್‌ನಿಂದ ಏಪ್ರಿಲ್ ಒಳ್ಳೆಯ ಕಾಲ. ಆದರೆ ಡಿಸೆಂಬರ್, ಜನವರಿಯ ಇಬ್ಬನಿ ಮರೆಯಬೇಡಿ. ಬೆಳಿಗ್ಗೆ ಗೋಡೆ ಆರುವ ತನಕ, ಎಂದರೆ ಹತ್ತು ಗಂಟೆಯವರೆಗೆ, ಡಬ್ಬಿ ತೆಗೆಯಬೇಡಿ. ಸಂಜೆ ನಾಲ್ಕರೊಳಗೆ ಬ್ರಷ್ ತೊಳೆದಿಡಿ. ಸಂಜೆ ಬಳಿದ ಗಾಢ ಬಣ್ಣದ ಮೇಲೆ ರಾತ್ರಿ ಇಬ್ಬನಿ ಕೂತರೆ ಬಣ್ಣದೊಳಗಿನ ಸೋಪಿನಂಥ ಅಂಶ ಹೊರಬಂದು ಕಂದು ಬಣ್ಣದ ಅಂಟುಗೆರೆ ಇಳಿಯುತ್ತದೆ. ಬಣ್ಣ ಕೆಟ್ಟಿತೆಂದು ಗಾಬರಿಯಾಗಿ ಮತ್ತೊಂದು ಕೋಟ್ ಹೊಡೆಸಬೇಡಿ, ಕೂಡಲೇ ತಣ್ಣೀರಿನಿಂದ ಮೆಲ್ಲಗೆ ತೊಳೆದರೆ ಸಾಮಾನ್ಯವಾಗಿ ಹೋಗುತ್ತದೆ.

ಪ್ರಶ್ನೆ: ಸುತ್ತ ತೋಟ, ಮನೆಯೊಳಗೆ ಹಗಲಲ್ಲೂ ಕತ್ತಲು. ನೆಲ ರೆಡ್ ಆಕ್ಸೈಡ್. ಅಂಗಡಿಯಲ್ಲಿ ತಿಳಿ ಬೂದು ಚೆನ್ನಾಗಿ ಕಂಡಿತು. ನಡುಮನೆಗೆ ಹಾಕಬಹುದೆ? (ಸಾಗರದಿಂದ)

ಉತ್ತರ: ಬೇಡ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಕಂಡ ಬೂದು ನಿಮ್ಮ ನಡುಮನೆಯಲ್ಲಿ ಹಾಗೆ ಕಾಣುವುದಿಲ್ಲ. ನಿಮ್ಮ ಕಿಟಕಿಯಿಂದ ಬರುವ ಬೆಳಕು ಅಡಿಕೆ ಸೋಗೆಯನ್ನು ದಾಟಿ ಬಂದದ್ದು, ಅದರಲ್ಲಿ ಹಸಿರು ಬೆರೆತಿರುತ್ತದೆ. ಕೆಳಗಿನಿಂದ ನೆಲದ ಕೆಂಪು ಗೋಡೆಯ ಕಾಲುಭಾಗಕ್ಕೆ ಹೊಡೆಯುತ್ತದೆ. ತಿಳಿ ಬೂದು ಇವೆರಡರ ನಡುವೆ ಸಿಕ್ಕಿ ಮೇಲೆ ಪಾಚಿ ಹಿಡಿದಂತೆ, ಕೆಳಗೆ ಕಂದಿದಂತೆ ಕಾಣುತ್ತದೆ. ಮಳೆಗಾಲದ ನಾಲ್ಕು ತಿಂಗಳು ಮನೆ ಮಂಕಾಗಿರುತ್ತದೆ.

ಹಳದಿ ಛಾಯೆಯ ಬಿಳಿ ಇಲ್ಲಿ ಸರಿ. ಬೆಣ್ಣೆ ಬಿಳಿ, ಅಕ್ಕಿ ತೊಳೆದ ನೀರಿನ ಬಿಳಿ, ತೀರಾ ತಿಳಿ ಕೆನೆ. ಗುಲಾಬಿ ಅಥವಾ ಪೀಚ್ ಛಾಯೆ ಇರುವ ಬಿಳಿ ಬೇಡ, ಕೆಂಪು ನೆಲ ಅದನ್ನು ಇನ್ನಷ್ಟು ಕೆಂಪಾಗಿಸುತ್ತದೆ. ಕೆಲವು ಕಂಪನಿಗಳ ಕಾರ್ಡ್‌ನಲ್ಲಿ ಎಲ್‌ಆರ್‌ವಿ ಎಂಬ ಅಂಕಿ ಇರುತ್ತದೆ, ಬಿದ್ದ ಬೆಳಕಿನಲ್ಲಿ ಗೋಡೆ ನೂರಕ್ಕೆ ಎಷ್ಟನ್ನು ಹಿಂದಿರುಗಿಸುತ್ತದೆ ಎಂಬ ಲೆಕ್ಕ. ಕತ್ತಲ ಕೋಣೆಗೆ 75ಕ್ಕಿಂತ ಮೇಲಿನದನ್ನು ಆರಿಸಿ. ಮಾಡಿನ ಒಳಮೈ ಹಲಗೆಯದ್ದಾದರೆ ಅದಕ್ಕೆ ಬಣ್ಣ ಬಳಿಯಬೇಡಿ, ಮರ ಮರದ ಹಾಗೇ ಇರಲಿ. ಸಿಮೆಂಟಿನದ್ದಾದರೆ ಅಚ್ಚ ಬಿಳಿ.

ಕಾರ್ಡಿನ ಎರಡಿಂಚು ಚೌಕ ನೋಡಿ ತೀರ್ಮಾನ ಮಾಡಬೇಡಿ. ಸಣ್ಣ ಸ್ಯಾಂಪಲ್ ಡಬ್ಬಿ ತಂದು ಎರಡಡಿ ಚದರದ ಹಲಗೆಗೆ ಎರಡು ಕೋಟ್ ಬಳಿಯಿರಿ. ಸುತ್ತ ಬಿಳಿ ಅಂಚು ಬಿಡಿ, ಹಳೇ ಗೋಡೆಯ ಬಣ್ಣ ಕಣ್ಣನ್ನು ತಪ್ಪಿಸದಿರಲಿ. ಹಲಗೆಯನ್ನು ನೆಲಕ್ಕೆ ತಾಗಿಸಿ ನಿಲ್ಲಿಸಿ ಬೆಳಿಗ್ಗೆ, ಮಧ್ಯಾಹ್ನ, ಮೋಡ ಕವಿದಾಗ, ರಾತ್ರಿ ದೀಪದಲ್ಲಿ ನೋಡಿ. ಬಲ್ಬ್ ಪೆಟ್ಟಿಗೆಯ ಮೇಲೆ 2700 ಅಥವಾ 3000 ಕೆಲ್ವಿನ್ ಎಂದಿದ್ದರೆ ಅದು ಹಳದಿ ಬೆಳಕು, 6500 ಎಂದಿದ್ದರೆ ನೀಲಿ ಬಿಳಿ. ಕೆನೆ ಗೋಡೆ 6500ರ ಕೆಳಗೆ ಸತ್ವ ಕಳೆದುಕೊಳ್ಳುತ್ತದೆ. ಬಲ್ಬ್ ಬದಲಿಸುವ ಯೋಚನೆ ಇದ್ದರೆ ಬಣ್ಣಕ್ಕಿಂತ ಮೊದಲೇ ಬದಲಿಸಿ. ಇನ್ನೊಂದು: ನಾಲ್ಕೂ ಗೋಡೆಗೆ ಬಳಿದಾಗ ಯಾವ ಬಣ್ಣವೂ ಹಲಗೆಯಲ್ಲಿ ಕಂಡದ್ದಕ್ಕಿಂತ ಗಾಢ ಎನಿಸುತ್ತದೆ. ಮೆಚ್ಚಿದ್ದಕ್ಕಿಂತ ಒಂದು ಮೆಟ್ಟಿಲು ತಿಳಿಯದನ್ನು ತನ್ನಿ.

ಪ್ರಶ್ನೆ: ಹೊಸ ಮನೆ. ಫೆಬ್ರವರಿ ಕೊನೆಗೆ ಪ್ಲಾಸ್ಟರ್ ಮುಗಿಯುತ್ತದೆ, ಮಾರ್ಚ್ ಕೊನೆಗೆ ಗೃಹಪ್ರವೇಶ. ಹಾಲ್‌ನ ಒಂದು ಗೋಡೆಗೆ ಗಾಢ ನೀಲಿ ಬೇಕು. (ಶಿವಮೊಗ್ಗ ನಗರದಿಂದ)

ಉತ್ತರ: ಮುಹೂರ್ತಕ್ಕೆ ಪ್ರೈಮರ್ (ಬಣ್ಣಕ್ಕೆ ಮೊದಲು ಬಳಿಯುವ ತಳಪದರ) ಮತ್ತು ಒಂದು ಕೋಟ್ ತಿಳಿ ಬಣ್ಣ ಸಾಕು. ಗಾಢ ನೀಲಿ ಮುಂದಿನ ಡಿಸೆಂಬರ್‌ಗೆ ಇರಲಿ.

ಹೊಸ ಸಿಮೆಂಟ್ ಕ್ಷಾರ. ಪ್ಲಾಸ್ಟರ್ ಮುಗಿದು ಕನಿಷ್ಠ 28 ದಿನ ಬಿಡಬೇಕು ಅನ್ನುವುದು ಆ ಕ್ಷಾರ ಇಳಿಯಲಿ, ನೀರು ಆರಲಿ ಎಂದು. ಅದಕ್ಕೆ ಮೊದಲೇ ಬಳಿದರೆ ನೀಲಿಯಂಥ ಬಣ್ಣ ಅಲ್ಲಲ್ಲಿ ಸುಟ್ಟ ಹಾಗೆ ಬಿಳಚುತ್ತದೆ, ಗೋಡೆ ನುಣುಪಾಗಲೆಂದು ಮೆತ್ತಿದ ಪುಟ್ಟಿ ಗುಳ್ಳೆ ಏಳುತ್ತದೆ. ಗೋಡೆ ಆರಿದೆಯೇ ಎಂದು ತಿಳಿಯಲು ಒಂದೂವರೆ ಅಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, 24 ಗಂಟೆ ಬಿಟ್ಟು ತೆಗೆಯಿರಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ ಗೋಡೆ ಇನ್ನೂ ಹಸಿ. ಬಚ್ಚಲ ಹಿಂಬದಿಯ ಗೋಡೆಯಲ್ಲಿ, ನೆಲದಿಂದ ಒಂದಡಿ ಮೇಲೆ ತಪ್ಪದೆ ಪರೀಕ್ಷಿಸಿ. ಮೊದಲು ಕೆಡುವುದು ಅಲ್ಲೇ.

ಗಾಢ ಬಣ್ಣ ಕಲಸುವ ಬೇಸ್‌ನಲ್ಲಿ ಬಿಳಿ ಅಂಶ ಕಡಿಮೆ. ಆದ್ದರಿಂದ ಎರಡು ಕೋಟ್‌ಗೆ ಗೋಡೆ ಮುಚ್ಚುವುದಿಲ್ಲ, ಮೂರಕ್ಕೆ ಸಿದ್ಧರಾಗಿ. ಕಿಟಕಿ ಇರುವ ಗೋಡೆಗೂ ಆ ನೀಲಿ ಬೇಡ. ಕಿಟಕಿಯ ಬೆಳಕಿನ ಪಕ್ಕ ಅದು ಬರೀ ಕಪ್ಪಾಗಿ ಕಾಣುತ್ತದೆ. ಕಿಟಕಿಯ ಎದುರು ಗೋಡೆಗೆ ಹಾಕಿ.

ಪ್ರಶ್ನೆ: ಎಷ್ಟು ಲೀಟರ್ ತರಬೇಕು? ಪೇಂಟರ್ ಹೇಳಿದ್ದಕ್ಕೂ ಅಂಗಡಿಯವರು ಹೇಳಿದ್ದಕ್ಕೂ ತಾಳೆಯಾಗುತ್ತಿಲ್ಲ. (ಭದ್ರಾವತಿಯಿಂದ)

ಉತ್ತರ: ನೀವೇ ಅಳೆಯಿರಿ. 30×40 ಅಡಿಯ ಒಂದಂತಸ್ತಿನ ಮನೆ, ಗೋಡೆ 11 ಅಡಿ ಎತ್ತರ ಎಂದಿಟ್ಟುಕೊಳ್ಳಿ. ಸುತ್ತಳತೆ 140 ಅಡಿ, ಗೋಡೆ 1540 ಚದರಡಿ. ಬಾಗಿಲು, ಕಿಟಕಿಗೆ 140 ಕಳೆದರೆ 1400. ಹೊರಗಿನ ಎಮಲ್ಷನ್ (ನೀರಿನಲ್ಲಿ ಕಲಸುವ ಬಣ್ಣ) ಎರಡು ಕೋಟ್‌ಗೆ ಲೀಟರ್‌ಗೆ ಸುಮಾರು 50 ಚದರಡಿ ಬರುತ್ತದೆ. ಅಲ್ಲಿಗೆ 28 ಲೀಟರ್: ಒಂದು 20, ಒಂದು 10 ಲೀಟರ್ ಡಬ್ಬಿ. ಉಳಿದದ್ದು ಮುಂದೆ ತೇಪೆಗೆ ಆಗುತ್ತದೆ. ಗೋಡೆ ತರಿತರಿಯಾಗಿದ್ದರೆ ಇನ್ನೂ ಹೆಚ್ಚು ಕುಡಿಯುತ್ತದೆ. ಒಳಗೆ ನುಣುಪಾದ ಪುಟ್ಟಿ ಗೋಡೆಯಲ್ಲಿ ಲೀಟರ್‌ಗೆ 120 ಚದರಡಿಯಾದರೂ ಬರುತ್ತದೆ. 10×12 ಅಡಿಯ, 10 ಅಡಿ ಎತ್ತರದ ಕೋಣೆಯ ಗೋಡೆಗಳಿಗೆ 4 ಲೀಟರ್ ಡಬ್ಬಿ ಒಂದು ಸಾಕು. ಎಲ್ಲವನ್ನೂ ಒಂದೇ ದಿನ, ಒಂದೇ ಬ್ಯಾಚ್ ನಂಬರ್ ನೋಡಿ ತನ್ನಿ. ಡಬ್ಬಿಗಳನ್ನು ದೊಡ್ಡ ಡ್ರಮ್ಮಿಗೆ ಸುರಿದು ಒಟ್ಟಿಗೆ ಕಲಸಿಕೊಂಡರೆ ಗೋಡೆಯ ನಡುವೆ ಛಾಯೆ ಬದಲಾಗುವುದಿಲ್ಲ.

ಪ್ರಶ್ನೆ: ಅಜ್ಜನ ಕಾಲದ ಮಣ್ಣಿನ ಗೋಡೆಯ ಮನೆ. ಪ್ರತಿ ವರ್ಷ ಸುಣ್ಣ ಬಳಿಯುವುದು ಸಾಕಾಗಿದೆ. ಪ್ಲಾಸ್ಟಿಕ್ ಎಮಲ್ಷನ್ ಹಾಕಬಹುದೆ? ಒಲೆ ಕೋಣೆಯ ಹೊಗೆ ಕಲೆಗೆ ಏನು ಮಾಡಬೇಕು? (ಹೊಸನಗರದಿಂದ)

ಉತ್ತರ: ದಯವಿಟ್ಟು ಹಾಕಬೇಡಿ. ಮಣ್ಣಿನ ಗೋಡೆ ಮಳೆಗಾಲದಲ್ಲಿ ನೆಲದಿಂದ ತೇವ ಹೀರಿ ಬೇಸಿಗೆಯಲ್ಲಿ ಬಿಡುತ್ತದೆ. ಎಮಲ್ಷನ್ ಆ ದಾರಿಗೆ ಅಡ್ಡ ಬರುತ್ತದೆ. ತೇವ ಬಣ್ಣದ ಹಿಂದೆ ನಿಂತು, ಒಂದು ದಿನ ಬಣ್ಣದ ಜೊತೆ ಮಣ್ಣಿನ ಮೆತ್ತಿಗೆಯೂ ಹಾಳೆಹಾಳೆಯಾಗಿ ಕಳಚುತ್ತದೆ. ಸಾಲದ್ದಕ್ಕೆ ಹಳೇ ಸುಣ್ಣದ ಪುಡಿಯ ಮೇಲೆ ಎಮಲ್ಷನ್ ಕಚ್ಚುವುದೂ ಇಲ್ಲ.

ಸುಣ್ಣವನ್ನೇ ಚೆನ್ನಾಗಿ ಮಾಡಿ. ಒಂದು ಕೆ.ಜಿ. ಸುಣ್ಣಕ್ಕೆ 5 ಲೀಟರ್ ನೀರು, 24 ಗಂಟೆ ನೆನೆಯಲಿ. ತೆಳು ಬಟ್ಟೆಯಲ್ಲಿ ಸೋಸಿ, 10 ಲೀಟರ್ ಸುಣ್ಣದ ಹಾಲಿಗೆ 40 ಗ್ರಾಂ ಗೋಂದನ್ನು ಬಿಸಿನೀರಲ್ಲಿ ಕರಗಿಸಿ ಸೇರಿಸಿ. ಬಿಳುಪು ಎದ್ದು ಕಾಣಲು ಕೆ.ಜಿ. ಸುಣ್ಣಕ್ಕೆ 3 ಗ್ರಾಂ ಮೀರದಂತೆ ನೀಲಿ. ಗೋಡೆಗೆ ನೀರು ಚಿಮುಕಿಸಿ ತೆಳ್ಳಗೆ ಎರಡು ಮೂರು ಸಲ ಬಳಿಯಿರಿ, ಒಂದು ಆರಿದ ಮೇಲೆ ಇನ್ನೊಂದು. ಒಂದೇ ಸಲಕ್ಕೆ ದಪ್ಪ ಬಳಿದ ಸುಣ್ಣವೇ ಚಕ್ಕೆ ಏಳುವುದು, ಅಂಗಿಗೆ ಹತ್ತುವುದು. ಬಣ್ಣ ಬೇಕಿದ್ದರೆ ಹಳದಿ ಅಥವಾ ಕೆಂಪು ಆಕ್ಸೈಡ್ ಪುಡಿ ಬೆರೆಸಿ, ಸುಣ್ಣದ ಕ್ಷಾರವನ್ನು ಅದು ತಾಳುತ್ತದೆ. ಮಲೆನಾಡಿನ ದೀವರ ಸಮುದಾಯದ ಮನೆಗೋಡೆಗಳ ಹಸೆ ಚಿತ್ತಾರದಲ್ಲಿ ಕೆಮ್ಮಣ್ಣಿನ ನೆಲೆಯ ಮೇಲೆ ಬಿಳಿ ಗೆರೆ ಎಷ್ಟು ಸ್ಪಷ್ಟವಾಗಿ ಕೂರುತ್ತದೆ ನೋಡಿ. ನಿಮ್ಮ ಜಗಲಿಗೆ ಆ ಕೆಂಪು-ಬಿಳಿ ಜೋಡಿಗಿಂತ ಒಪ್ಪುವುದು ಯಾವ ಕಾರ್ಡಿನಲ್ಲೂ ಸಿಗದು.

ಒಲೆ ಕೋಣೆಗೂ ಸುಣ್ಣವೇ. ಮಸಿಯನ್ನು ಒಣ ಪೊರಕೆಯಿಂದ ಇಳಿಸಿ, ಜಿಡ್ಡು ಹಿಡಿದ ಪದರವನ್ನು ಕರಣೆಯಿಂದ ಕೆರೆದು ತೆಗೆದ ಮೇಲೆ ಬಳಿಯಿರಿ. ಮಣ್ಣಿನ ಗೋಡೆಗೆ ನೀರು ಹೊಯ್ದು ತಿಕ್ಕಬೇಡಿ. ಅಡುಗೆಮನೆ ಸಿಮೆಂಟ್ ಗೋಡೆಯದ್ದಾಗಿದ್ದರೆ ಮಾತ್ರ ಕ್ರಮ ಬೇರೆ: ವಾಷಿಂಗ್ ಸೋಡಾ ನೀರಲ್ಲಿ ತೊಳೆದು, ಆರಿಸಿ, ಟರ್ಪೆಂಟೈನ್‌ನಲ್ಲಿ ಕಲಸುವ ಎಣ್ಣೆ ಪ್ರೈಮರ್ ಒಂದು ಕೋಟ್ ಕೊಟ್ಟು ಮೇಲೆ ಎಮಲ್ಷನ್. ನೀರಿನ ಪ್ರೈಮರ್ ಹಾಕಿದರೆ ಹೊಗೆಯ ಹಳದಿ ಅದರಲ್ಲಿ ಕರಗಿ ವಾರದೊಳಗೆ ಮೇಲೆ ಬರುತ್ತದೆ.