ಹೋಮ್ಸ್ ಆದ ಮೇಲೆ ಕ್ರಿಸ್ಟಿ ರುಚಿಸುತ್ತಿಲ್ಲ ಅಂದವರಿಗೆ

ಷರ್ಲಾಕ್ ಹೋಮ್ಸ್ ಪತ್ತೇದಾರಿ ಕಥೆಗಳೆಲ್ಲ ಮುಗಿದವು, ಅಗಾಥಾ ಕ್ರಿಸ್ಟಿ ಕಾದಂಬರಿ ಹಿಡಿದರೆ ಹೆಸರುಗಳೇ ತಲೆಗೆ ಹತ್ತುತ್ತಿಲ್ಲ, ಓದೋದು ಮಂಡ್ಯ–ಮೈಸೂರು ರೈಲಲ್ಲಿ, ಬಿಟ್ಟುಬಿಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ. ಕಾದಂಬರಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ, ಅಷ್ಟೇ.

ಕ್ರಿಸ್ಟಿ ಸೃಷ್ಟಿಸಿದ ಪತ್ತೇದಾರಿ ಅಜ್ಜಿ ಮಿಸ್ ಮಾರ್ಪಲ್ ಇರುವ ಸಣ್ಣಕಥೆಗಳಿಂದ ಶುರು ಮಾಡಿ. 1932ರ ‘ದಿ ಥರ್ಟೀನ್ ಪ್ರಾಬ್ಲಮ್ಸ್’ ಸಂಕಲನ ಸಿಕ್ಕರೆ ಸಾಕು. ಮಂಡ್ಯದಲ್ಲಿ ಹತ್ತಿದರೆ ಮೈಸೂರು ಬರೋದರೊಳಗೆ ಒಂದು ಕಥೆ ಆರಾಮಾಗಿ ಮುಗಿಯುತ್ತೆ. ಮೊದಲ ಕಥೆಯನ್ನೇ ನೋಡಿ. ಒಂದಷ್ಟು ಜನ ಸೇರಿ, ತಮಗೆ ಗೊತ್ತಿರುವ ನಿಗೂಢ ಪ್ರಕರಣಗಳನ್ನು ಒಬ್ಬೊಬ್ಬರಾಗಿ ಹೇಳೋಣ ಅಂತ ಮಾತಾಡಿಕೊಳ್ಳುತ್ತಾರೆ. ಪೊಲೀಸ್ ಅಧಿಕಾರಿಯಾಗಿದ್ದವರು, ವಕೀಲರು, ಸಾಹಿತಿ ಎಲ್ಲ ಇದ್ದಾರೆ. ತಲೆ ಎಣಿಸುವಾಗ, ಅಲ್ಲೇ ಹೆಣಿಗೆ ಹಾಕುತ್ತಾ ಕೂತ ಅಜ್ಜಿ ಮಾರ್ಪಲ್‌ರನ್ನೇ ಮರೆತುಬಿಡುತ್ತಾರೆ! ಕೊನೆಗೆ ಗಂಟು ಬಿಡಿಸೋದು ಅವರೇ. ತನ್ನ ಹಳ್ಳಿಯಲ್ಲಿ ಕಂಡ ಯಾರದೋ ನಡತೆ ನೆನಪಾಗುತ್ತೆ, ಅಲ್ಲಿಂದ ಗುಟ್ಟು ಹಿಡಿಯುತ್ತಾರೆ. ಜಗಲಿ ಮೇಲೆ ಕೂತೇ ಇಡೀ ಬೀದಿಯ ವಿಷಯ ಬಲ್ಲ ನಮ್ಮ ಅಜ್ಜಿಯರ ಹಾಗೆ, ಅಲ್ವಾ?

ಹೋಮ್ಸ್ ಗಮನಿಸಿದ್ದು ಎಷ್ಟೋ ಸಲ ನಮಗೆ ಕೊನೆಗೇ ಗೊತ್ತಾಗೋದು. ಕ್ರಿಸ್ಟಿ ಸುಳಿವನ್ನು ಕಣ್ಣೆದುರೇ, ಸುಮ್ನೆ ಆಡಿದ ಮಾತಿನ ನಡುವೆ ಇಟ್ಟಿರುತ್ತಾರೆ. ಹಾಗಾಗಿ ಊಟ-ತಿಂಡಿಯ ಮಾತು ಬಂತು ಅಂತ ಪುಟ ಹಾರಿಸಬೇಡಿ. ವಿಷದ ವಿಷಯದಲ್ಲಂತೂ ಜಾಸ್ತಿ ಎಚ್ಚರ ಬೇಕು. ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಕೆಲಸ ಮಾಡಿದವರು ಅವರು. ಯಾವ ಔಷಧಿ ಏನು ಮಾಡುತ್ತೆ ಅಂತ ಚೆನ್ನಾಗಿ ಗೊತ್ತಿತ್ತು.

ಆಮೇಲೆ ಕಾದಂಬರಿಗೆ ಬನ್ನಿ. ಪುಟದ ಗುರುತಿಗೆ ಇಡೋ ಚೀಟಿ ಮೇಲೆ ಹೆಸರು, ಯಾರು ಯಾರಿಗೆ ಏನಾಗಬೇಕು ಅಂತ ಬರೆದುಕೊಳ್ಳಿ. ರೈಲಿನ ಗದ್ದಲದಲ್ಲೂ ಎಳೆ ತಪ್ಪಲ್ಲ.