ಬೇರಿಂಗ್ ತರಿಸೋ ಮೊದಲು ಒಳಗಿನ ಪೈಪು ಅಳೆಯಿರಿ

ಅಣ್ಣ, ನಿಮ್ಮ ಫೋಟೋ ದೊಡ್ಡದು ಮಾಡಿ ನೋಡಿದೆ. ಹಳೆ ಬೈಕಿನ ಹಿಂಭಾಗ ಕತ್ತರಿಸಿ ಎರಡು ಚಕ್ರ ಕೂರಿಸಿದ್ದೀರಿ. ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಕಟ್ಟೆ ಮೇಲೆ ಗೊಬ್ಬರ, ತೆಂಗಿನಕಾಯಿ ಸಾಗಿಸ್ತೀರಿ. ಆರು ತಿಂಗಳಲ್ಲಿ ಮೂರು ಸಲ ಬೇರಿಂಗ್ ಹೋಯ್ತು, ಚೈನಾ ಮಾಲು ಹಾಕಿದ್ದೇ ತಪ್ಪಾ, ಜಪಾನಿನದು ತರಿಸಲಾ ಅಂತ ನಿಮ್ಮ ಪ್ರಶ್ನೆ. ಗುಂಪಿನಲ್ಲಿ ಎಲ್ಲರೂ ಜಪಾನ್ ಜಪಾನ್ ಅಂತಿದ್ದಾರೆ. ಸ್ವಲ್ಪ ತಡೀರಿ. ಮೂರು ಸಲವೂ ಎಡಗಡೆದೇ ಹೋಗಿದೆ ಅಂತ ನೀವೇ ಬರೆದಿದ್ದೀರಿ. ಎರಡೂ ಕಡೆ ಹಾಕಿದ್ದು ಒಂದೇ ಅಂಗಡಿಯ ಒಂದೇ ಮಾಲು. ಮತ್ತೆ ಬಲಗಡೆದು ಹೇಗೆ ಉಳಿಯಿತು?

ನನ್ನ ಗಾಡಿಗೂ ಇದೇ ರೋಗ ಇತ್ತು. ಸಿರ್ಸಿ ಹತ್ತಿರ ತೋಟದಿಂದ ಅಂಗಳಕ್ಕೆ ಅಡಿಕೆ ಕೊನೆ ಹೊರೋಕೆ ಮಾಡಿಸಿದ್ದು. ಕಾರಣ ಸಿಕ್ಕಿದ್ದು ಚಕ್ರದ ನಡುವಿನ ಗುಂಬ, ಅಂದರೆ ಹಬ್ಬಿನ ಒಳಗೆ, ಎರಡು ಬೇರಿಂಗ್ ನಡುವೆ ಇರುವ ಸ್ಪೇಸರ್ ಪೈಪಿನಲ್ಲಿ. ಅದು ಅರ್ಧ ಮಿಲಿಮೀಟರ್ ಗಿಡ್ಡ ಇತ್ತು, ಅಷ್ಟೇ. ನಟ್ ಬಿಗಿ ಮಾಡಿದಾಗ ಬೇರಿಂಗಿನ ಒಳಗಿನ ಬಳೆಗಳು ಆ ಪೈಪಿಗೆ ತಾಗಿ ನಿಲ್ಲಬೇಕು. ಪೈಪು ಗಿಡ್ಡ ಇದ್ದರೆ ನಿಲ್ಲೋದಿಲ್ಲ. ಬಳೆ ಒಳಕ್ಕೆ ಜಗ್ಗುತ್ತದೆ, ಗುಂಡುಗಳು ಒಂದು ಬದಿಗೆ ಒತ್ತಿಕೊಂಡೇ ತಿರುಗುತ್ತವೆ. ಯಾವ ದೇಶದ್ದಾದರೂ ಬದುಕೋದಿಲ್ಲ.

ಪರೀಕ್ಷೆ ಸುಲಭ. ಗಾಡಿ ಎತ್ತಿ ಕಲ್ಲು ಕೊಡಿ, ಎಡಗಡೆ ಚಕ್ರ ಕೈಯಲ್ಲಿ ತಿರುಗಿಸಿ. ನಟ್ ಸಡಿಲ ಇದ್ದಾಗ ಸಲೀಸಾಗಿ ತಿರುಗಿ, ಬಿಗಿ ಮಾಡಿದ ಮೇಲೆ ಬಿರುಸಾದರೆ ಪೈಪಿನದೇ ತಪ್ಪು. ಕೂದಲೆಳೆಯಷ್ಟು ಉದ್ದ ಇದ್ದರೆ ಪರವಾಗಿಲ್ಲ, ಗಿಡ್ಡ ಮಾತ್ರ ಇರಬಾರದು. ಜೋಡಿಸುವಾಗ ಒಂದು ಬೇರಿಂಗ್ ಪೂರ್ತಿ ಕೂರಿಸಿ, ಪೈಪು ಇಟ್ಟು, ಇನ್ನೊಂದನ್ನು ಪೈಪಿಗೆ ತಾಗುವಷ್ಟೇ ಹೊಡೆಯಿರಿ. ಹೊಡೆಯೋದೂ ಹೊರಗಿನ ಬಳೆಗೆ ಮಾತ್ರ, ಅದರ ಅಳತೆಯ ಸಾಕೆಟ್ ಇಟ್ಟು. ಒಳಗಿನ ಬಳೆಗೆ ಸುತ್ತಿಗೆ ಬಿದ್ದರೆ ಹೊಸ ಬೇರಿಂಗ್ ಅಲ್ಲೇ ಅರ್ಧ ಸತ್ತ ಹಾಗೆ.

ಪೈಪು ಸರಿ ಇದ್ದರೂ ಇನ್ನೊಂದು ತಕರಾರು ಇದ್ದೇ ಇದೆ. ಬೈಕು ತಿರುವಿನಲ್ಲಿ ವಾಲುತ್ತದೆ, ಅದಕ್ಕೇ ಅದರ ಚಕ್ರಕ್ಕೆ ಅಡ್ಡ ಒತ್ತಡ ಕಡಿಮೆ. ಮೂರು ಚಕ್ರದ್ದು ವಾಲೋದಿಲ್ಲ, ಆ ಅಡ್ಡ ಎಳೆತ ಪೂರ್ತಿ ಬೇರಿಂಗಿಗೆ ಬರುತ್ತದೆ. ಸಾಲದ್ದಕ್ಕೆ ನಿಮ್ಮ ಆಕ್ಸಲ್ ಒಂದೇ ಬದಿಯಿಂದ ಚಾಚಿದೆ. ತುಂಬಿದ ಕೊಡವನ್ನು ಸೊಂಟಕ್ಕೆ ಆನಿಸದೆ ಕೈ ಚಾಚಿ ಹಿಡಿದ ಹಾಗೆ. ಬಾಲ್ ಬೇರಿಂಗಿಗೆ ಹೊರೆ ಎರಡು ಪಟ್ಟಾದರೆ ಆಯಸ್ಸು ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ ಇನ್ನೆರಡು ಮೂಟೆ ಅಂತ ಹೇರೋದು ಸಣ್ಣ ವಿಷಯ ಅಲ್ಲ. ಖರ್ಚು ಮಾಡೋದೇ ಆದರೆ ಟೇಪರ್ ಬೇರಿಂಗ್ (ಗುಂಡಿನ ಬದಲು ಓರೆ ರೋಲರ್ ಇರೋದು) ಹಾಕಿದ ಹಬ್ಬಿಗೆ ಮಾಡಿ. ಟ್ರ್ಯಾಕ್ಟರ್ ಮುಂದಿನ ಚಕ್ರದಲ್ಲಿ ಇರ್ತದಲ್ಲ, ಆ ಜಾತಿ. ಅಡ್ಡ ಹೊರೆ ತಡೆಯೋಕೆ ಅಂತಲೇ ಮಾಡಿದ್ದು ಅದು.

ಇನ್ನು ದೇಶದ ವಿಚಾರ. ಬೇರಿಂಗ್ ಮೇಲೆ 6203 ಅಂತ ಅಳತೆಯ ನಂಬರ್ ಬರೆದಿದ್ದರೆ ಎಲ್ಲೇ ಮಾಡಿದ್ದಾದರೂ ಒಳಗೆ 17, ಹೊರಗೆ 40, ದಪ್ಪ 12 ಮಿಲಿಮೀಟರೇ. ಎನ್‌ಬಿಸಿ ಅನ್ನೋ ಬ್ರ್ಯಾಂಡು ಜೈಪುರದ್ದು, ಸ್ವೀಡನ್ ಮೂಲದ ಎಸ್‌ಕೆಎಫ್ ಪುಣೆಯಲ್ಲೂ ತಯಾರಾಗುತ್ತದೆ. ಅಸಲಿ ಸಿಕ್ಕರೆ ನಮ್ಮ ಕೆಲಸಕ್ಕೆ ಧಾರಾಳ ಸಾಕು. ಭಯ ಇರೋದು ನಕಲಿಯದ್ದು. ಒಮ್ಮೆ ದೊಡ್ಡ ಹೆಸರಿನ ಡಬ್ಬಿಯಲ್ಲಿ ಅರ್ಧ ಬೆಲೆಗೆ ಸಿಕ್ಕಿತು ಅಂತ ಖುಷಿಯಲ್ಲಿ ತಂದೆ. ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿದರೆ ಬಳೆ ಮೇಲಿನ ಹೆಸರೇ ಅಳಿಸಿಹೋಯ್ತು! ಅವತ್ತಿನಿಂದ ಹುಬ್ಬಳ್ಳಿಗೆ ಹೋದಾಗ ಅಧಿಕೃತ ಡೀಲರ್ ಹತ್ತಿರವೇ, ಬಿಲ್ ಸಮೇತ.

ಕೇಳುವಾಗ 2ಆರ್‌ಎಸ್ ಅಂತಲೇ ಕೇಳಿ. ಎರಡೂ ಬದಿಗೆ ರಬ್ಬರ್ ಸೀಲ್ ಇರುತ್ತದೆ. ಝಡ್‌ಝಡ್ ಅಂದರೆ ತಗಡಿನ ಮುಚ್ಚಳ, ಧೂಳಿಗೆ ಸರಿ, ಉಪ್ಪುನೀರಿಗೆ ಅಲ್ಲ. ಆದರೆ ರಬ್ಬರನ್ನು ನಂಬಿ ಅಚ್ಚಿನ ತನಕ ನೀರಿಗೆ ಇಳಿಸಬೇಡಿ. ಬಿಸಿಯಾದ ಹಬ್ಬು ತಣ್ಣೀರಿಗೆ ಬಿದ್ದ ಕೂಡಲೇ ಒಳಗಿನ ಗಾಳಿ ಕುಗ್ಗಿ ಉಪ್ಪುನೀರನ್ನು ಎಳೆದುಕೊಳ್ಳುತ್ತದೆ. ತೊಳೆಯುವಾಗಲೂ ಪ್ರೆಶರ್ ಪೈಪನ್ನು ಹಬ್ಬಿಗೆ ಹಿಡಿಯಬೇಡಿ.

ಇದೆಲ್ಲ ಗದ್ದೆ ತೋಟದೊಳಗಿನ ಮಾತು. ಡಾಂಬರ್ ರಸ್ತೆಗೆ ತರೋದಾದರೆ ವಾಹನದ ರೂಪ ಬದಲಿಸೋದರ ಬಗ್ಗೆ ಇರುವ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ, ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.

ನಾಳೆ ಎಡಗಡೆ ಚಕ್ರ ಬಿಚ್ಚಿ. ಸೂಕ್ಷ್ಮವಾಗಿ ಅಳೆಯುವ ವರ್ನಿಯರ್ ಇಲ್ಲದಿದ್ದರೆ ಕುಮಟಾದಲ್ಲಿ ಯಾವುದಾದರೂ ಲೇತ್‌ನವರ ಹತ್ತಿರ ಪೈಪು ಒಯ್ಯಿರಿ. ಬರೀ ಪೈಪಲ್ಲ, ಹಬ್ಬನ್ನೂ ಒಯ್ಯಿರಿ. ಬೇರಿಂಗ್ ಕೂರುವ ಎರಡು ಮೆಟ್ಟಿಲ ನಡುವಿನ ಅಂತರ ಅಳೆಯದೆ ಪೈಪಿನ ಅಳತೆ ಗೊತ್ತಾಗೋದಿಲ್ಲ. ಎರಡೂ ಅಳತೆ ಇಲ್ಲಿ ಹಾಕಿ, ನೋಡ್ತೇನೆ.