ಗಡುವು ಇಟ್ಮೇಲೆ ಗಡುವೇ

ಫೋಟೋ ಎಡಿಟಿಂಗ್ ಕಲಿಸೋ ಆನ್‌ಲೈನ್ ಕೋರ್ಸ್ ಶುರು ಮಾಡಿರೋ ಓದುಗರೊಬ್ರು ಬರ್ದಿದ್ದಾರೆ: ಫ್ರೀ ಕ್ಲಾಸಿಗೆ ಜನ ಬರ್ತಾರೆ, ಚೆನ್ನಾಗಿತ್ತು ಅಂತಾರೆ, "ಆಮೇಲೆ ಸೇರ್ಕೋತೀನಿ" ಅಂತ ಹೋದವ್ರು ಮತ್ತೆ ಈ ಕಡೆ ತಲೆ ಹಾಕಲ್ಲ. ಮೂರು ದಿನದೊಳಗೆ ಸೇರಿದ್ರೆ ಬೋನಸ್ ಅಂತ ಹಾಕು, ಪೇಜಲ್ಲಿ ಟೈಮರ್ ಓಡಿಸು ಅಂತ ಸ್ನೇಹಿತರು ಹೇಳ್ತಿದ್ದಾರಂತೆ. ಇದು ಹೆದರಿಸಿ ದುಡ್ಡು ಕಿತ್ಕೊಂಡ ಹಾಗಾಗಲ್ವಾ, ಕೊಡೋದಾದ್ರೆ ಏನು ಕೊಡ್ಲಿ, ಹಳೇ ಸ್ಟೂಡೆಂಟ್ಸ್ "ನಮಗ್ಯಾಕಿಲ್ಲ" ಅಂದ್ರೆ ಏನ್ ಹೇಳ್ಲಿ ಅನ್ನೋದು ಪ್ರಶ್ನೆ.

ನಮಸ್ಕಾರ. ನಿಮ್ಮ ಮುಜುಗರ ಅರ್ಥ ಆಗತ್ತೆ, ಆದ್ರೆ ಗಡುವು ಅಂದ ತಕ್ಷಣ ಮೋಸ ಅಂದ್ಕೋಬೇಡಿ. ಆಮೇಲೆ ಸೇರ್ತೀನಿ ಅಂದವರಲ್ಲಿ ತುಂಬಾ ಜನಕ್ಕೆ ನಿಜವಾಗ್ಲೂ ಸೇರೋ ಮನಸ್ಸಿರತ್ತೆ, ಇವತ್ತೇ ಸೇರೋಕೆ ಕಾರಣ ಇರಲ್ಲ ಅಷ್ಟೆ. 1992ರಲ್ಲಿ ಅಮೋಸ್ ಟ್ವರ್ಸ್ಕಿ, ಎಲ್ಡಾರ್ ಶಫೀರ್ ಅನ್ನೋ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಬರೆದ್ರು, ಉದ್ದದ ಪ್ರಶ್ನಾವಳಿ ತುಂಬಿ ತಂದುಕೊಟ್ರೆ 5 ಡಾಲರ್ ಅಂತ ವಿದ್ಯಾರ್ಥಿಗಳಿಗೆ ಹೇಳಿದ್ದು. 5 ದಿನದ ಗಡುವಿದ್ದವರಲ್ಲಿ ನೂರಕ್ಕೆ 60 ಜನ ತಂದುಕೊಟ್ರು, 3 ವಾರ ಇದ್ದವರಲ್ಲಿ 42, ಯಾವಾಗ ಬೇಕಾದ್ರೂ ಕೊಡಿ ಅಂತ ಹೇಳಿಸ್ಕೊಂಡವರಲ್ಲಿ ಬರೀ 25. ದುಡ್ಡೂ ಅದೇ, ಕೆಲಸಾನೂ ಅದೇ. 2010ರಲ್ಲಿ ಸುಝೇನ್ ಶು ಮತ್ತು ಯೂರಿ ನೀಝಿ ಗಿಫ್ಟ್ ಸರ್ಟಿಫಿಕೇಟ್ ಕೊಟ್ಟು ನೋಡಿದ್ರು, 3 ವಾರ ಟೈಮ್ ಇದ್ದವರಲ್ಲಿ ನೂರಕ್ಕೆ 31 ಜನ ಬಳಸಿದ್ರು, 2 ತಿಂಗಳು ಇದ್ದವರಲ್ಲಿ 6. ಮಜಾ ಏನಂದ್ರೆ, ಖಂಡಿತ ಬಳಸ್ತೀವಿ ಅನ್ನೋ ನಂಬಿಕೆ ಜಾಸ್ತಿ ಇದ್ದಿದ್ದು 2 ತಿಂಗಳ ಗುಂಪಿನವರಿಗೇ! ಹಾಗಾಗಿ ಗಡುವಿಡೋದ್ರಲ್ಲಿ ನನಗೇನೂ ತಪ್ಪು ಕಾಣಲ್ಲ.

ತಪ್ಪಾಗೋದು ಗಡುವು ಸುಳ್ಳಾದಾಗ. ಈಗ ಎಷ್ಟೋ ಕೋರ್ಸ್ ಪೇಜುಗಳಲ್ಲಿ "ಇನ್ನು 15 ನಿಮಿಷ ಮಾತ್ರ" ಅಂತ ಕೆಂಪು ಅಂಕಿ ಓಡ್ತಿರತ್ತೆ, ಅದೇ ಪೇಜನ್ನ ಹಿಂದಿನ ಭೇಟಿ ನೆನಪಿಟ್ಕೊಳ್ಳದ ಇನ್‌ಕಾಗ್ನಿಟೋ ವಿಂಡೋದಲ್ಲಿ ತೆಗೆದು ನೋಡಿ, ಮತ್ತೆ 15ರಿಂದಾನೇ ಶುರು, ಯಾಕಂದ್ರೆ ಟೈಮರ್ ಕಟ್ಟಿರೋದು ನಿಮ್ಮ ಬ್ರೌಸರಿನ ಕುಕಿಗೆ (ನೀವು ಬಂದಿದ್ದನ್ನ ನೆನಪಿಡೋಕೆ ಸೈಟು ನಿಮ್ಮ ಬ್ರೌಸರಲ್ಲಿ ಇಡೋ ಸಣ್ಣ ಗುರುತು), ಯಾವ ಕ್ಯಾಲೆಂಡರಿಗೂ ಅಲ್ಲ. ಕಲಿಯೋಕೆ ಬರೋ ಜನ ಇದನ್ನ ಕಂಡುಹಿಡಿಯಲ್ಲ ಅಂದ್ಕೊಂಡ್ರೆ ಅದು ಅವರನ್ನ ದಡ್ಡರು ಅಂದ ಹಾಗೆ. ಯುರೋಪಿಯನ್ ಯೂನಿಯನ್‌ನಲ್ಲಂತೂ ಕೊಳ್ಳೋರು ಯೋಚನೆ ಮಾಡದೆ ಕೂಡಲೇ ಕೊಳ್ಳಲಿ ಅಂತ "ಸ್ವಲ್ಪ ಹೊತ್ತು ಮಾತ್ರ ಸಿಗತ್ತೆ" ಅಂತ ಸುಳ್ಳು ಹೇಳೋದು 2005ರ ನಿರ್ದೇಶನದ ಪ್ರಕಾರ ನಿಷಿದ್ಧ ಪಟ್ಟಿಯಲ್ಲೇ ಇದೆ.

ಏನು ಕೊಡ್ಬೇಕು ಅನ್ನೋದಕ್ಕೆ ಬರ್ತೀನಿ, ನನ್ನ ಪ್ರಕಾರ ಅಸಲು ವಿಷಯ ಇದೇ. ಮುಗಿದು ಹೋಗೋಕೆ ನಿಜವಾದ ಕಾರಣ ಇರೋದನ್ನ ಕೊಡಿ. ಪಿಡಿಎಫ್, ಫಿಲ್ಟರ್ ಪ್ಯಾಕ್, ರೆಕಾರ್ಡ್ ಮಾಡಿಟ್ಟ ವಿಡಿಯೋ ಇವು ಭಾನುವಾರ ಖಾಲಿಯಾಗಿ ಸೋಮವಾರ ಸಿಗಲ್ಲ ಅಂದ್ರೆ ಯಾರು ನಂಬ್ತಾರೆ? ಖಾಲಿಯಾಗೋದು ನಿಮ್ಮ ಟೈಮು. "ಈ ಭಾನುವಾರದೊಳಗೆ ಸೇರಿದವರ ಮೊದಲನೇ ಫೋಟೋ ನಾನೇ ಕೂತು ನೋಡಿ, ಎಲ್ಲಿ ಬೆಳಕು ಜಾಸ್ತಿಯಾಗಿದೆ, ಎಲ್ಲಿ ಚರ್ಮದ ಬಣ್ಣ ಕೆಟ್ಟಿದೆ ಅಂತ ವಾಯ್ಸ್ ನೋಟ್ ಕಳಿಸ್ತೀನಿ, ಸೋಮವಾರದಿಂದ ಕ್ಲಾಸ್ ಶುರು ಆಗೋದ್ರಿಂದ ಆಮೇಲೆ ಆಗಲ್ಲ" ಅಂತ ಬರೀರಿ, ಇದಕ್ಕೆ ಟೈಮರೇ ಬೇಡ. ಇನ್ನೊಂದು ಲಾಭಾನೂ ಇದೆ, ಸೇರಿದವರು ಮೊದಲ ವಾರದಲ್ಲೇ ಕೈಯಾಡಿಸ್ತಾರೆ. ಹಾರ್ವರ್ಡ್ ಮತ್ತೆ ಎಂಐಟಿಯ ಓಪನ್ ಆನ್‌ಲೈನ್ ಕೋರ್ಸುಗಳಲ್ಲೇ 2017–18ರಲ್ಲಿ ಹೆಸರು ಕೊಟ್ಟವರಲ್ಲಿ ಮುಗಿಸಿದವರು ನೂರಕ್ಕೆ 3ರ ಆಸುಪಾಸು ಅಂತ 2019ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದಿತ್ತು. ಸೇರಿದವರಿಗೆ ಇನ್ನೂ ಹತ್ತು ವಿಡಿಯೋ ಬೋನಸ್ ಅಂತ ಸುರಿದ್ರೆ ಅವರು ನೋಡದೇ ಬಿಡೋ ವಿಡಿಯೋ ಹತ್ತು ಜಾಸ್ತಿ ಆಗತ್ತೆ ಅಷ್ಟೆ. ಬೋನಸ್ಸಿನ "ಒಟ್ಟು ಬೆಲೆ" ಅಂತ ಮನಸ್ಸಿಗೆ ಬಂದ ಅಂಕಿ ಬರೆದು ಅಡ್ಡಗೆರೆ ಎಳೆಯೋದನ್ನೂ ದಯವಿಟ್ಟು ಮಾಡ್ಬೇಡಿ, ನೋಡೋಕೇ ಬೇಜಾರು.

"ಭಾನುವಾರ ರಾತ್ರಿ 12" ಅಂತ ಬರೀಬೇಡಿ, ಶನಿವಾರ ಮುಗಿದ ಮೇಲಿನ 12ಆ, ಭಾನುವಾರ ಮುಗಿಯೋ 12ಆ ಅಂತ ಅರ್ಧ ಜನ ಮೇಲ್ ಮಾಡ್ತಾರೆ. 11:59 ಅಂತ ಹಾಕಿ, ಬೇರೆ ದೇಶದವರೂ ಸೇರೋದಾದ್ರೆ ಯಾವ ದೇಶದ ಟೈಮ್ ಅಂತಾನೂ ಹಾಕಿ. ಕೊನೇ ದಿನ ಬೆಳಿಗ್ಗೆ ಒಂದು, ಸಂಜೆ ಒಂದು ಮೇಲ್ ಸಾಕು.

ಸೋಮವಾರ ಬೆಳಿಗ್ಗೆ "ಅಯ್ಯೋ ಮಿಸ್ ಆಯ್ತು, ನಂಗೊಬ್ರಿಗೆ ಕೊಡಿ" ಅನ್ನೋರು ಬಂದೇ ಬರ್ತಾರೆ. ಪೇಮೆಂಟ್ ಫೇಲ್ ಆಗಿದ್ದ ಸ್ಕ್ರೀನ್‌ಶಾಟ್ ಇದ್ರೆ ಕೊಡಿ, ಅದು ಅವರ ತಪ್ಪಲ್ಲ. ಮಿಕ್ಕವರಿಗೆ ಕೋರ್ಸಿಗೆ ಸ್ವಾಗತ, ಬೋನಸ್ ಮುಗೀತು ಅಂತ ನಯವಾಗಿ ಹೇಳಿ, ಇಲ್ಲಾಂದ್ರೆ ಟೈಮಿಗೆ ಸರಿಯಾಗಿ ಸೇರಿದವರ ಮುಖ ನೋಡೋದು ಕಷ್ಟ. ಅದೇ ಬೋನಸ್ಸನ್ನ ಮುಂದಿನ ವಾರ "ಎಲ್ಲರ ಕೋರಿಕೆ ಮೇರೆಗೆ" ಅಂತ ಎಳೀಲೂಬೇಡಿ.

ಹಳೇ ಸ್ಟೂಡೆಂಟ್ಸ್ ಕೇಳೋದು ನ್ಯಾಯಾನೇ. ಮುಂಚೆ ನಂಬಿ ಬಂದವ್ರು ಅವರು. ಬೋನಸ್ ಪ್ರಕಟಿಸೋಕೆ ಮೊದಲೇ ಅವರಿಗೊಂದು ಮೇಲ್ ಹಾಕಿ, ಒಂದೊಂದು ಫೋಟೋ ನೀವೂ ಕಳಿಸಿ ನೋಡ್ತೀನಿ ಅನ್ನಿ. ಎಲ್ಲರೂ ಕಳಿಸಲ್ಲ, ಕಳಿಸಿದವರದ್ದು ನೋಡೋಕೆ ಒಂದು ಸಂಜೆ ಎತ್ತಿಟ್ಕೊಳ್ಳಿ.